ಎಂಟನೆಯ ಸರದಿಯ ಹಡಗು

ಎರಡು ತಾಸು ಕಳೆದರೂ ಫುಮಿಯೆ ದೊಡ್ಡ ಹಡಗನ್ನು ಬಂದರಿನಿಂದ ಕದಲಿಸಲೇ ಇಲ್ಲ. ಊಟದ ಮೇಜಿನ ಮೇಲೆ ಹರಡಿದ್ದ ಸಮುದ್ರದ ನಕ್ಷೆಯಲ್ಲಿ ಅವಳ ಸಣ್ಣಪುಟ್ಟ ಹಡಗುಗಳು ಅಕ್ಕಿ, ಎಣ್ಣೆ ಹೊತ್ತು ಓಡಾಡಿದವು. ದೊಡ್ಡ ಹಡಗೆಂದು ಇಟ್ಟಿದ್ದ ಹೆಬ್ಬೆರಳಗಲದ ಆ ಒಂದು ರಟ್ಟಿನ ಬಿಲ್ಲೆ ಮಾತ್ರ ಕುರೆ ಬಂದರಿನ ಚೌಕದಲ್ಲಿ ಕಾವಲು ಕೂತಿತ್ತು. ಆಟ ಮುಗಿದಾಗ ಎರಡು ಅಂಕದಿಂದ ಅವಳೇ ಗೆದ್ದಿದ್ದಳು. ಎದುರಿಗೆ ಕೂತಿದ್ದ ಅಳಿಯ ಯೊಶಿತಾಕನಿಗೆ ಮೈಯೆಲ್ಲ ಉರಿಯಿತು.

ಆಟ ಅವನೇ ಕಟ್ಟಿದ್ದು. ನಾಳೆ ಬೆಳಿಗ್ಗೆ ಹತ್ತಕ್ಕೆ ಅಚ್ಚಿನ ಮನೆಯವರು ಬಂದು ಒಯ್ಯುವವರಿದ್ದರು. ಆ ಹಡಗಿಗೆ ಹನ್ನೆರಡರ ಬಲ ಕೊಟ್ಟರೆ ಅದೊಂದೇ ಶತ್ರುವನ್ನು ನುಂಗಿ ನೀರು ಕುಡಿಯುತ್ತಿತ್ತು. ಎಂಟಕ್ಕೆ ಇಳಿಸಿದರೆ ಯಾರೂ ಅದನ್ನು ಹೊರಗೆ ತೆಗೆಯುತ್ತಿರಲಿಲ್ಲ, ಏಕೆಂದರೆ ಅದು ಮುಳುಗಿದರೆ ಎದುರಾಳಿಗೆ ಇಪ್ಪತ್ತು ಅಂಕ. ಪೆಟ್ಟಿಗೆಯ ಮೇಲೆ ಚಿತ್ರವಿರುವುದೇ ಆ ಹಡಗಿನದು. ಅದು ಕಾದಾಡದ ಆಟವನ್ನು ಯಾರು ಕೊಳ್ಳುತ್ತಾರೆ? ಹಳೆಯ ಕಚೇರಿಯ ಹುಡುಗರೆಲ್ಲ ಆಡಿ ನೋಡಿ ದಾರಿ ಕಾಣದೆ ಸೋತ ಮೇಲೆ, ಕಪ್ಪುಬಿಳಿ ಕಲ್ಲುಗಳ ಗೊ ಆಟದಲ್ಲಿ ಬೀದಿಯ ಮುದುಕರಿಗೆಲ್ಲ ನೀರು ಕುಡಿಸುವ ಅತ್ತೆಯ ಮುಂದೆ ತಂದಿಟ್ಟಿದ್ದ.

ಯೊಶಿತಾಕ ಮನೆಯಳಿಯ. ಯುದ್ಧದಲ್ಲಿ ಫುಮಿಯೆಯ ಅಣ್ಣ ತೆರುವೊ ಹೋದ ಮೇಲೆ ಹಮಾಸಾಕಿ ಮನೆಗೆ ಗಂಡು ದಿಕ್ಕಿರಲಿಲ್ಲ. ಹೆಸರು ಅಳಿಯಬಾರದೆಂದು ಮೊದಲು ಅವಳಿಗೆ, ಆಮೇಲೆ ಅವಳ ಮಗಳಿಗೆ, ಹೊರಗಿನಿಂದ ಗಂಡು ತಂದು ಬಂದವನಿಗೆ ಈ ಮನೆತನದ ಹೆಸರನ್ನೇ ಇಟ್ಟರು. ಯೊಶಿತಾಕ ಹಡಗುಕಟ್ಟೆಯ ಕೆಲಸ ಬಿಟ್ಟು ಆಟ ಕಟ್ಟುತ್ತೇನೆಂದು ಕೂತು ಮೂರು ವರ್ಷವಾಗಿತ್ತು. ಅತ್ತೆ ಒಂದು ದಿನವೂ ಕೊಂಕು ನುಡಿದವಳಲ್ಲ. ಆದರೂ ಹಂಗಿನ ಅನ್ನ ಗಂಟಲಿಗೆ ಅಂಟುತ್ತಿತ್ತು. ಈ ಆಟವೊಂದು ಮಾರುಕಟ್ಟೆಯಲ್ಲಿ ಗೆದ್ದು ನಿಂತರೆ ತಲೆಯೆತ್ತಿ ಉಣ್ಣಬಹುದಿತ್ತು.

ಅವನು ಪೆನ್ಸಿಲು ತೆಗೆದು ನಿಯಮದ ಹಾಳೆಯ ಅಂಚಿನಲ್ಲಿ ಗೀಚಿದ. ಎಂಟನೆಯ ಸರದಿಯಲ್ಲಿ ದೊಡ್ಡ ಹಡಗು ಬಂದರು ಬಿಡಲೇಬೇಕು. ಹೋಗುವಷ್ಟೇ ಎಣ್ಣೆ, ಬರುವುದಕ್ಕಿಲ್ಲ. ಮುಳುಗಿದರೆ ಅಂಕವಿಲ್ಲ.

ಫುಮಿಯೆ ಕನ್ನಡಕ ಏರಿಸಿ ಓದಿದಳು. "ಕಳಿಸಲ್ಲ ಅಂದ್ರೆ?"

"ಹಾಗನ್ನೋ ಹಾಗಿಲ್ಲ ಅತ್ತೆ. ನಿಯಮ ಅದು."

"ಇದ್ರಲ್ಲಿ ಜನ ಎಷ್ಟಿದ್ದಾರೆ ಅಳಿಯಂದ್ರೇ?"

"ಜನ ಆಟದ ಲೆಕ್ಕಕ್ಕೆ ಬರೋದಿಲ್ಲ. ಮುಳುಗಿದ್ರೂ ಸೊನ್ನೆ. ಕಳಿಸೋರಿಗೆ ಮನಸ್ಸು ಹಗುರ, ಅದೇ ಇದರ ಸೊಗಸು."

ಇನ್ನೊಂದು ಆಟ ಹೂಡಿದರು. ಎಂಟನೆಯ ಸರದಿ ಬಂದಾಗ ಅವಳು ಬೆರಳ ತುದಿಯಿಂದ ಬಿಲ್ಲೆಯನ್ನು ನಿಧಾನವಾಗಿ ಬಂದರಿನ ಗೆರೆ ದಾಟಿಸಿದಳು. ಮೂರು ದಾಳಕ್ಕೆ ಅದು ಮುಳುಗಿತು. ಕಾವಲಿಲ್ಲದ ಬಂದರಿಗೆ ಯೊಶಿತಾಕ ನುಗ್ಗಿದ. ಕೂಡಿ ನೋಡಿದರೆ ಇಬ್ಬರಿಗೂ ಮೂವತ್ತೊಂದು. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಅವನು ತೊಡೆ ತಟ್ಟಿ ನಕ್ಕುಬಿಟ್ಟ. ಮೂರು ವರ್ಷದಲ್ಲಿ ಮೊದಲ ಸಲ, ಹೇಗಿದೆ ಎಂದು ಅತ್ತೆಯನ್ನು ಕೇಳಿದ.

ಫುಮಿಯೆ ಮುಳುಗಿದ ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ಪಕ್ಕದ ಕೋಣೆಯ ಕಡೆ ನೋಡಿದಳು. ಅಲ್ಲಿ ಹಿರಿಯರ ಗೂಡಿನಲ್ಲಿ ತೆರುವೊನ ಪಟವಿತ್ತು. ಹತ್ತೊಂಬತ್ತು ವರ್ಷ, ನೌಕಾಪಡೆಯ ಟೋಪಿ. ಇದೇ ದೊಡ್ಡ ಹಡಗಿನ ಅಡುಗೆಮನೆಯಲ್ಲಿ ಮೂಲಂಗಿ ಹೆಚ್ಚುತ್ತಿದ್ದವನು, ಅದರ ಕೊನೆಯ ಪಯಣದಲ್ಲಿ ಅದರೊಡನೆಯೇ ಮುಳುಗಿದವನು. ಯೊಶಿತಾಕನಿಗೆ ಗೊತ್ತಿಲ್ಲದ್ದೇನಲ್ಲ. ದಿನವೂ ಬೆಳಿಗ್ಗೆ ಆ ಪಟಕ್ಕೆ ಊದುಬತ್ತಿ ಹಚ್ಚುತ್ತಿದ್ದವನು ಅವನೇ. ಪೆನ್ಸಿಲು ಕೈಯಲ್ಲಿದ್ದಾಗ ನೆನಪಾಗಲಿಲ್ಲ, ಅಷ್ಟೆ. ಈಗ ನೆನಪಾಯಿತು, ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಅಣ್ಣ ಹೋದ ಮೇಲೆ ಬಿಳಿ ಬಟ್ಟೆ ಸುತ್ತಿದ ಒಂದು ಪೆಟ್ಟಿಗೆ ಬಂತು," ಎಂದಳು ಫುಮಿಯೆ. "ಮೂಳೆ ಇದೆಯೇನೋ ಅಂತ ಅಮ್ಮ ಅಲ್ಲಾಡಿಸಿ ನೋಡಿದ್ಲು. ಒಳಗೆ ಒಂದು ಚೀಟಿ, ಅದ್ರಲ್ಲಿ ಅವನ ಹೆಸರು. ಹೋಗು ಅಂತ ಕಳಿಸಿದವರ ಹೆಸರು ಇರ್ಲಿಲ್ಲ. ಯಾರು ಅಂತ ಅಮ್ಮ ಸಾಯೋ ತನಕ ಕೇಳ್ತಾನೇ ಇದ್ಲು."

ಅವಳು ಬಿಲ್ಲೆಯನ್ನು ಆಟದ ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದಳು. ಹಡಗಿನ ಚಿತ್ರದ ಕೆಳಗೆ ಆಟ ಕಟ್ಟಿದವನ ಹೆಸರು ದಪ್ಪಕ್ಷರದಲ್ಲಿತ್ತು. ಅದು ಅವನಿಗೆ ಕಾಣುವಂತೆ ಪೆಟ್ಟಿಗೆಯನ್ನು ತಿರುಗಿಸಿ ಮುಂದೆ ಸರಿಸಿದಳು.

"ಇದ್ರ ಮೇಲೆ ಕಳಿಸಿದವರ ಹೆಸರು ಇದೆ. ಹಮಾಸಾಕಿ."