ಜೋಕಾಲಿಯ ಮೇಲಿನ ಒಡಪು

"ಗಂಡನ ಹೆಸರ ಹೇಳ ವೈನಿ! ಇಲ್ಲಾಂದ್ರ ಇಳಸೂದೇ ಇಲ್ಲ!"

ನಾದಿನಿ ಪ್ರಮಿಳಾ ಹಗ್ಗ ಜಗ್ಗಿ ತೂಗಿದಳು. ಹುಣಸೆಯ ಕೊಂಬೆ ಕಿರುಗುಟ್ಟಿತು. ಪಂಚಮಿಯ ಜೋಕಾಲಿಯ ಮೇಲೆ ನಿಂತಿದ್ದ ಕೇತಕಿ, ಬೆಳಗಾವಿಯ ಆ ಓಣಿಯ ಹೆಂಚುಗಳಿಗಿಂತ ಮೇಲೇರಿ ಇಳಿದಳು. ಹೊಸ ಸೊಸೆಯು ಪ್ರಾಸ ಕೂಡಿಸಿ, ಒಡಪಿನೊಳಗೆ ಗಂಡನ ಹೆಸರನ್ನು ಹೇಳುವವರೆಗೆ ಜೋಕಾಲಿ ನಿಲ್ಲಕೂಡದು. ಅದು ಆ ಮನೆಯ ಪದ್ಧತಿ.

ಕೇತಕಿ ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಖಾನಾಪುರದ ಮರಾಠಿ ಮನೆಯ ಹುಡುಗಿಗೆ ಕನ್ನಡ ತಿಳಿಯುತ್ತಿತ್ತು. ಆದರೆ ಮದುವೆಯಾಗಿ ಬಂದ ವಾರವೇ ಅವಳಾಡಿದ ಮೊದಲ ಕನ್ನಡ ಮಾತಿಗೆ ನಳದ ಬಳಿಯ ಹೆಂಗಸರೆಲ್ಲ ನಕ್ಕಿದ್ದರು. ಅಂದಿನಿಂದ ಹೂಂ, ಉಹೂಂಗಳಲ್ಲೇ ಸಂಸಾರ ಸಾಗಿತ್ತು.

"ಮೊದಲ ಆ ಬಾಯಾಗಿಂದ ಒಂದ ಮುತ್ತ ಉದುರ್ಲಿ, ಒಡಪ ಆಮ್ಯಾಲಿಂದು!" ನೆರೆಮನೆಯ ಸಾವಂತ್ರವ್ವ ಚುಚ್ಚಿದಳು.

ಹಬ್ಬಕ್ಕೆ ತವರಿಗೆ ಕರೆದೊಯ್ಯಲು ಬಂದ ಅಣ್ಣ ಅಭಿಜಿತ ಚೀಲ ಹಿಡಿದು ಬಾಗಿಲಲ್ಲಿ ಕಾದಿದ್ದ. "ಇನ್ನು ನಾನು ತಿರುಗಿ ಬರುವುದಿಲ್ಲ" ಎಂದು ಕೇತಕಿ ಆಗಲೇ ಅವನಿಗೆ ಮರಾಠಿಯಲ್ಲಿ ಹೇಳಿದ್ದಳು. ಅತ್ತೆ ರೇಣವ್ವನಿಗೆ ಮರಾಠಿ ತಿಳಿಯದು; ಆ ಒದ್ದೆ ಧ್ವನಿ ತಿಳಿದಿತ್ತು. ಈಗ ಹಗ್ಗದ ಮೇಲೆ ಬಿಳಿಚಿದ ಸೊಸೆಯ ಮುಷ್ಟಿಯನ್ನೂ ಕಂಡಳು. ಇದು ಬಾರದ ಬಾಯಲ್ಲ, ಬೆದರಿದ ಬಾಯಿ!

"ನಿಂದರಿಸ್ರೇ!" ಎಂದವಳೇ ಸೆರಗು ಸಿಕ್ಕಿಸಿ ಹಲಗೆಯೇರಿ, ಸೊಸೆಗೆದುರಾಗಿ ನಿಂತಳು. "ನಾ ಹೇಳ್ತೇನಿ, ಮರಾಠಿಯೊಳಗ!"

"ಯವ್ವಾ, ನಿನಗ ಮರಾಠಿ ಎಲ್ಲಿ ಬರತೈತಿ?"

"ಬರೂದಿಲ್ಲಂತನ ಹೇಳಾಕತ್ತೇನಿ. ನೀ ತೂಗು!"

ಜೋಕಾಲಿ ಏರಿತು. ಸಂತೆಯಲ್ಲಿ ಹೆಕ್ಕಿದ್ದ ನಾಲ್ಕು ಮರಾಠಿ ಮಾತುಗಳನ್ನು ರೇಣವ್ವ ಗಾಳಿಗೆಸೆದಳು: "ಚಹಾತ ಸಾಖರ ಟಾಕಲಿ ಫಾರ, ಹಣಮಪ್ಪ ಮಾಝಾ... ಮಾಝಾ... ಹೊರಲಾರದ ಭಾರ!"

ಚಹಕ್ಕೆ ಸಕ್ಕರೆ ಹೆಚ್ಚಾದ ಒಡಪು, 'ನನ್ನ ಹಣಮಪ್ಪ ಹೊರಲಾರದ ಭಾರ' ಎಂದು ಗಂಡನ ತಲೆಯ ಮೇಲೆ ಬಂದು ಕುಳಿತಿತ್ತು. "ನಡುವ ನನ್ನ ಯಾಕ ಎಳಿತೀ?" ಎಂದು ಕಟ್ಟೆಯ ಮೇಲಿಂದ ಹಣಮಪ್ಪ ಕೂಗಿದ. ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ರೇಣವ್ವನೇ. ಕೇತಕಿಗೂ ತಡೆಯಲಾಗಲಿಲ್ಲ.

"ಅತ್ತಿ, ಅರ್ಧಾ ಕನ್ನಡ ಆತಲ್ರೀ!"

"ಹಂಗಾರ ಪೂರಾ ಕನ್ನಡದಾಗ ನೀ ಹೇಳವಾ!"

ಪಕ್ಕದೂರು ಮಚ್ಛೆಯ ಕಾರ್ಖಾನೆಗೆ ಕೆಲಸಕ್ಕೆ ಹೋಗಿದ್ದ ಗಂಡನಿಗೂ ಕೇಳಿಸಬೇಕು ಎಂಬಂತೆ ಕೇತಕಿ ಕತ್ತೆತ್ತಿ ಕೂಗಿದಳು: "ಖಾನಾಪುರದ ಬೆಣ್ಣಿ, ಬೆಳಗಾವಿ ಬಿಸಿ ರೊಟ್ಟಿ, ಕಲ್ಮೇಶರಾಯರ ಹಿಡದೇನಿ ಹಗ್ಗಕಿಂತಾ ಗಟ್ಟಿ!"

ಓಣಿಗೆ ಓಣಿಯೇ ಕೇಕೆ ಹಾಕಿತು. ಸಾವಂತ್ರವ್ವ ಎರಡು ಬೆರಳು ಬಾಯಿಗಿಟ್ಟು ಸಿಳ್ಳು ಹೊಡೆದಳು!

ಬಸ್ಸು ತಪ್ಪುವುದೆಂದು ಅಭಿಜಿತ ಮರಾಠಿಯಲ್ಲಿ ಅವಸರಪಡಿಸಿದ.

"ನಾಳಿ ಹೋಗೂಣಲ್ಲ ದಾದಾ, ಏನ ಗಡಿಬಿಡಿ ಐತಿ? ತೂಗ ಪ್ರಮಿಳಾ!"

ತಂಗಿ ತನ್ನೊಡನೆ ಕನ್ನಡದಲ್ಲಿ ಮಾತನಾಡಿದಳೆಂಬುದು ಅಭಿಜಿತನಿಗೆ ಹೊಳೆಯಲು ತುಸು ಹೊತ್ತಾಯಿತು. ಅವಳಿಗಂತೂ ಅದರ ಅರಿವೇ ಇರಲಿಲ್ಲ. ಹಣಮಪ್ಪ ಸರಿದು ಕಟ್ಟೆಯ ಮೇಲೆ ಅವನಿಗೆ ಜಾಗ ಮಾಡಿಕೊಟ್ಟ.

"ಕುಂದರ್ರಿ ಬೀಗರ, ಇವತ್ತ ಅಕಿ ಇಳಿಯೂ ಹಂಗ ಕಾಣೂದಿಲ್ಲ."