ಹದಿನೆಂಟು ಡಿಗ್ರಿ

ಬಾಯ್ಲರ್‌ನ ಮುಚ್ಚಳ ಬಿಚ್ಚಿ, ಒಳಗೆ ಟಾರ್ಚ್ ಬಿಟ್ಟು ನೋಡಿದ ಮೆಕ್ಯಾನಿಕ್ ಕ್ರೇಗ್, ಇದಕ್ಕೆ ಎಳ್ಳುನೀರು ಬಿಡುವುದೇ ಸರಿ ಎಂದ. ಇಪ್ಪತ್ತೆರಡು ವರ್ಷ ದುಡಿದ ಯಂತ್ರ. ಬಿಡಿಭಾಗ ಹುಡುಕಿದರೂ ಸಿಗುವುದಿಲ್ಲವಂತೆ. ಅದರ ಬಿಸಿನೀರಿನಿಂದ ಕೋಣೆಗಳನ್ನು ಬೆಚ್ಚಗಿಡುವ ರೇಡಿಯೇಟರ್‌ಗಳೆಲ್ಲ ತಣ್ಣಗಾಗಿ ಆಗಲೇ ನಾಲ್ಕು ದಿನವಾಗಿತ್ತು, ಹ್ಯಾಲಿಫ್ಯಾಕ್ಸ್‌ನ ನವೆಂಬರ್ ಚಳಿ ಎಂದರೆ ಹುಡುಗಾಟವಲ್ಲ. ಹಿಲರಿ ಥ್ಯಾಕ್ರೇ ಎರಡು ಸ್ವೆಟರ್ ಹಾಕಿ, ಮೇಲೊಂದು ಶಾಲು ಹೊದ್ದು, ಚಹಾದ ಮಗ್ಗನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದು ನಿಂತಿದ್ದಳು.

ಹೊಸದನ್ನು ಆರಿಸುವ ಮೊದಲು ಕ್ರೇಗ್ ಒಂದಿಷ್ಟು ಪ್ರಶ್ನೆ ಕೇಳಿ ಬರೆದುಕೊಂಡ. ರೇಡಿಯೇಟರ್ ಒಂಬತ್ತು, ಬಚ್ಚಲು ಒಂದು, ಇರುವವರು ಇಬ್ಬರು. ನಾನು ಕೆಳಗೆ, ನಮ್ಮವರು ಮೇಲೆ ಎಂದಳು ಹಿಲರಿ. ಗಂಡ ಡೆಸ್ಮಂಡ್ ಮೂರು ವರ್ಷದ ಹಿಂದೆ, ನನ್ನ ಗೊರಕೆಯಿಂದ ನಿನಗೆ ನಿದ್ದೆ ಇಲ್ಲ ಎಂದು ಮಹಡಿಯ ಕೋಣೆಗೆ ಹೋಗಿದ್ದ. ಆಮೇಲೆ ಟಿವಿ ಮೇಲೆ ಹೋಯಿತು, ಕುರ್ಚಿ ಹೋಯಿತು, ಚಹಾದ ಕೆಟಲೂ ಹೋಯಿತು. ಜಗಳವೇನೂ ಆಗಿರಲಿಲ್ಲ. ಜಗಳವಾಗಿದ್ದರೆ ರಾಜಿಯಾದರೂ ಮಾಡಿಕೊಳ್ಳಬಹುದಿತ್ತು.

ಹಜಾರದ ಗೋಡೆಯ ಮೇಲಿದ್ದ ಥರ್ಮೋಸ್ಟ್ಯಾಟ್ ಕ್ರೇಗ್‌ನ ಕಣ್ಣಿಗೆ ಬಿತ್ತು. ಮನೆಯ ಶಾಖ ಏರಿಸಿ ಇಳಿಸಲು ತಿರುಗಿಸಿ ತಿರುಗಿಸಿ, ಸುತ್ತಲಿನ ಬಣ್ಣವೆಲ್ಲ ಕಿತ್ತುಹೋಗಿತ್ತು. ಅವನಿಗೆ ನಗು ಬಂತು. ಈ ಕುಸ್ತಿಯನ್ನು ಅವನು ಎಷ್ಟೋ ಮನೆಗಳಲ್ಲಿ ನೋಡಿದ್ದ.

“ನಿಮ್ಮಲ್ಲಿ ಚಳಿ ಯಾರಿಗಮ್ಮಾ, ಸೆಕೆ ಯಾರಿಗೆ?”

“ಚಳಿ ಅವರಿಗೆ. ನಂಗೆ ಹದಿನೆಂಟು ಡಿಗ್ರಿ ಇದ್ರೆ ಧಾರಾಳ,” ಎಂದು ಹಿಲರಿ ಶಾಲನ್ನು ಇನ್ನಷ್ಟು ಬಿಗಿದುಕೊಂಡಳು. ಕ್ರೇಗ್ ಆ ಶಾಲನ್ನೊಮ್ಮೆ ನೋಡಿದ. ಇದಕ್ಕೆಲ್ಲ ಈಗ ಮದ್ದಿದೆ ಎಂದು ಕೈಯಲ್ಲಿದ್ದ ಪುಸ್ತಕ ಬಿಡಿಸಿ ಚಿತ್ರ ತೋರಿಸಿದ. ಬಾಯ್ಲರ್ ಒಂದೇ, ಆದರೆ ಮೇಲಕ್ಕೊಂದು ಥರ್ಮೋಸ್ಟ್ಯಾಟ್, ಕೆಳಕ್ಕೊಂದು. ಅವರ ಶಾಖ ಅವರಿಗೆ, ನಿಮ್ಮ ಶಾಖ ನಿಮಗೆ, ರಗಳೆಯೇ ಇಲ್ಲ ಎಂದ.

ಹಿಲರಿ ಗೋಡೆಯ ಹಳೆಯ ಥರ್ಮೋಸ್ಟ್ಯಾಟ್ ಕಡೆ ನೋಡಿದಳು. ದಿನಾ ಸಂಜೆ ಆರಕ್ಕೆ ಅದನ್ನು ಹದಿನೆಂಟಕ್ಕೆ ಇಳಿಸುತ್ತಿದ್ದವಳು ಅವಳೇ. ಅರ್ಧ ಗಂಟೆಯೊಳಗೆ ಮಹಡಿಯ ಹಲಗೆ ಕಿರುಗುಟ್ಟುತ್ತಿತ್ತು. ಏನೇ, ನನ್ನನ್ನೇನು ಫ್ರಿಜ್ಜಿನಲ್ಲಿಟ್ಟು ಮಾರ್ತೀಯಾ ಎಂದು ಗೊಣಗುತ್ತ ಡೆಸ್ಮಂಡ್ ಇಳಿದು ಬರುತ್ತಿದ್ದ. ಸ್ವೆಟರ್ ಹಾಕ್ಕೋ, ಗ್ಯಾಸೇನು ಪುಕ್ಕಟೆ ಬರುತ್ತಾ ಎಂದು ಇವಳು. ಅವನು ಅದನ್ನು ಇಪ್ಪತ್ತೊಂದಕ್ಕೆ ಏರಿಸುತ್ತಿದ್ದ. ಆದರೆ ಬಂದವನು ಕೂಡಲೇ ಹೋಗುತ್ತಿರಲಿಲ್ಲ. ಕಿಟಕಿಯಲ್ಲಿ ಬಗ್ಗಿ, ಪಕ್ಕದ ಮನೆಯವನು ಕಸದ ಡಬ್ಬಿ ಇನ್ನೂ ಒಳಗಿಟ್ಟಿಲ್ಲ ನೋಡು ಎನ್ನುತ್ತಿದ್ದ. ಅವಳ ತಿಂಡಿ ಡಬ್ಬಿಯಿಂದ ಶುಂಠಿ ಬಿಸ್ಕತ್ತು ತೆಗೆದು ನಿಂತುಕೊಂಡೇ ತಿನ್ನುತ್ತಿದ್ದ. ಹತ್ತು ನಿಮಿಷ. ಅವನು ಹತ್ತಿ ಹೋದ ಮೇಲೆ ಅವಳು ಮತ್ತೆ ಹದಿನೆಂಟಕ್ಕೆ ಇಳಿಸಿದರೆ, ಮಲಗುವ ಮುನ್ನ ಇನ್ನೊಮ್ಮೆ ಬಂದೇ ಬರುತ್ತಿದ್ದ. ಹಿಲರಿಗೇನು ಚಳಿಯಾಗುತ್ತಿರಲಿಲ್ಲವೇ? ಬೆರಳುಗಳು ಮರಗಟ್ಟುತ್ತಿದ್ದವು. ಆದರೆ ಮನೆ ಬೆಚ್ಚಗಿದ್ದರೆ ಅವನು ಯಾಕಾದರೂ ಇಳಿದು ಬಂದಾನು? ಬಾಯ್ಲರ್ ನಿಂತ ಈ ನಾಲ್ಕು ದಿನ ಅವನು ಕರೆಂಟಿನ ಹೀಟರ್ ಹಚ್ಚಿಕೊಂಡು ಮೇಲೆಯೇ ಇದ್ದ. ಅವಳು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅವನು ಉಂಡ ತಟ್ಟೆ ಸಿಂಕಿನಲ್ಲಿರುತ್ತಿತ್ತು, ಅಷ್ಟೆ.

“ಎರಡು ಬೇಡ ಕಣಪ್ಪಾ. ಹಳೇದು ಎಲ್ಲಿತ್ತೋ ಅಲ್ಲೇ ಒಂದು ಹಾಕು, ಸಾಕು,” ಎಂದಳು.

ಕ್ರೇಗ್ ತಲೆ ಕೆರೆದುಕೊಂಡ. ಹೋದ ತಿಂಗಳು ಒಂದು ಮನೆಯಲ್ಲಿ ಹೆಂಡತಿಯ ಮಾತು ಮಾತ್ರ ಕೇಳಿ ಜೋಡಿಸಿ, ಗಂಡನ ಕೈಲಿ ಬೈಸಿಕೊಂಡಿದ್ದನಂತೆ. ಯಜಮಾನರನ್ನೂ ಒಂದು ಮಾತು ಕೇಳಿಬಿಡುತ್ತೇನೆ ಎಂದು, ಅವಳು ಬೇಡವೆನ್ನುವುದರೊಳಗೆ ಮೆಟ್ಟಿಲು ಹತ್ತಿಯೇಬಿಟ್ಟ.

ಹಿಲರಿ ಮೆಟ್ಟಿಲ ಬುಡದಲ್ಲಿ ಕಿವಿಯಾನಿಸಿ ನಿಂತಳು. ಮಾತು ಸರಿಯಾಗಿ ಕೇಳಿಸಲಿಲ್ಲ. ಡೆಸ್ಮಂಡ್ ನಕ್ಕಿದ್ದು ಮಾತ್ರ ಕೇಳಿಸಿತು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ. ಅವನೂ ಒಂದೇ ಸಾಕು ಎನ್ನಲಿ ದೇವರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಕ್ರೇಗ್ ಖುಷಿಯಿಂದಲೇ ಇಳಿದು ಬಂದ. “ಎರಡೂ ಹಾಕು ಅಂದ್ರು, ಅಮ್ಮಾ.”

“ಏನಂದ್ರು? ಅಂದಿದ್ದನ್ನ ಅಂದ ಹಾಗೇ ಹೇಳು.”

“ದಿನಾ ನಾನು ಇಳಿದು ಹೋಗಿ ಅವಳ ತಲೆ ತಿಂತೀನಿ, ಪಾಪ, ಇನ್ಮೇಲಾದ್ರೂ ಅವಳು ಕೆಳಗೆ ನೆಮ್ಮದಿಯಾಗಿ ಇರ್ಲಿ ಅಂದ್ರು. ಒಳ್ಳೇ ಮನುಷ್ಯ ಬಿಡಿ. ಹೆಂಡ್ತಿ ಬಗ್ಗೆ ಇಷ್ಟು ಯೋಚನೆ ಮಾಡೋರು ಎಷ್ಟು ಜನ ಇದಾರೆ?”

ಹಿಲರಿ ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು. ಹೋಗಿ ಹೇಳುವುದೇನು? ತಲೆ ತಿನ್ನಲಾದರೂ ಬಾ ಮಾರಾಯ ಎನ್ನುವುದೇ? ಅರವತ್ತೊಂದನೆಯ ವಯಸ್ಸಿನಲ್ಲಿ, ಮೂವತ್ತಾರು ವರ್ಷ ಸಂಸಾರ ಮಾಡಿದ ಗಂಡನಿಗೆ ಅಷ್ಟು ಹೇಳಲು ಅವಳಿಗೆ ನಾಚಿಕೆಯಾಯಿತು. ಮೇಲೆ ಟಿವಿ ಶುರುವಾಯಿತು. ಅವಳು ಕಾಲನ್ನು ಹಿಂದಕ್ಕೆ ತೆಗೆದು, ಕ್ರೇಗ್ ಚಾಚಿದ ಹಾಳೆಗೆ ಸಹಿ ಹಾಕಿದಳು.

“ಆ ಮೇಲಿಂದು... ಆಗಾಗ ಕೆಡುತ್ತಾ?” ಎಂದು ಮೆಲ್ಲಗೆ ಕೇಳಿದಳು.

“ಅಯ್ಯೋ, ಇಲ್ಲಮ್ಮಾ.” ಕ್ರೇಗ್ ಪೆನ್ನನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡ. “ಹತ್ತು ವರ್ಷ ಗ್ಯಾರಂಟಿ. ಅಲ್ಲೀ ತನಕ ನೀವಿಬ್ರೂ ಒಂದ್ ಮಾತೂ ಆಡ್ಬೇಕಾಗಿಲ್ಲ.”