ಮೂರು ರೈಫಲ್ಲುಗಳಲ್ಲಿ ಒಂದು

"ಲಗೂ ಒಂದು ರೈಫಲ್ ಆರಿಸೋ ಕೇದಾರಿ, ಚಿರತಿ ಎದ್ದು ನಿಂತೈತಿ!" ಎಂದು ಪೊಲೀಸ್ ಫೌಜದಾರರು ಪಿಸುಗುಟ್ಟಿದರು. ಗೋಕಾಕದ ಕಣಿವೆಯ ಆಚೆ, ಮುನ್ನೂರು ಗಜ ದೂರದ ಬಂಡೆಯ ಬಿರುಕಿನೊಳಗೆ ಕೇದಾರಿಯ ಹೆಂಡತಿ ಕೆಂಪವ್ವ ಸಿಕ್ಕಿಬಿದ್ದಿದ್ದಳು. ಹುಲ್ಲು ಕೊಯ್ಯಲು ಹೋದವಳನ್ನು ಅಟ್ಟಿಸಿಕೊಂಡು ಬಂದ ಚಿರತೆ ಬಿರುಕಿನ ಬಾಯಲ್ಲೇ ಕಾದಿತ್ತು. ಸುತ್ತಿ ಬಳಸಿ ಅಲ್ಲಿಗೆ ಹೋಗುವಷ್ಟು ಹೊತ್ತಿರಲಿಲ್ಲ. ಗುಂಡು ಒಂದು ಗೇಣು ತಪ್ಪಿದರೂ ಅವಳಿಗೇ ತಗಲುತ್ತಿತ್ತು.

ಪೊಲೀಸರ ಮೂರು ರೈಫಲ್ಲುಗಳು ಜಮಖಾನದ ಮೇಲಿದ್ದವು. ಬರ್ಮಾದ ಲಡಾಯಿಯಲ್ಲಿ ಗುರಿಕಾರನಾಗಿದ್ದ ಕೇದಾರಿ ಒಂದು ತೋಟಾ ತೆಗೆದು, ಅದರ ಗುಂಡಿನ ಮೂತಿಯನ್ನು ಪ್ರತಿ ನಳಿಗೆಯ ಬಾಯಿಗೂ ಇಟ್ಟು ನೋಡಿದ. ಥಳಥಳಿಸುವ ಮೊದಲನೆಯದರಲ್ಲಿ ಗುಂಡು ಸಡಿಲವಾಗಿ ಪೂರ್ತಿ ಇಳಿಯಿತು. ಎರಡನೆಯದರಲ್ಲೂ ಹಾಗೇ ಆಯಿತು. ಮರದ ಹಿಡಿ ಸೀಳಿ ತಂತಿ ಸುತ್ತಿದ್ದ ಮೂರನೆಯದರಲ್ಲಿ ಮಾತ್ರ ಅರ್ಧಕ್ಕೇ ಬಿಗಿಯಾಗಿ ನಿಂತಿತು.

"ಅದು ಗುಜರಿಗೆ ಹಾಕೂ ಮೋಡಕಾ ಮಾಲು, ಹುಚ್ಚ! ಹೊಳಿಯೂದು ತಗೋ," ಎಂದರು ಫೌಜದಾರರು.

"ಅವೆರಡರ ನಳಗಿ ಸವದಾವ್ರಿ ಸಾಹೇಬ್ರ. ಗುಂಡು ಎತ್ತಾಗರ ಹೋಗತೈತಿ," ಎನ್ನುತ್ತ ಕೇದಾರಿ ಮೊಣಕೈ ಊರಿ ಮಲಗಿದ. ಚಿರತೆಯ ಹೆಗಲ ಹಿಂದೆಯೇ ಸೀರೆಯ ಸೆರಗು ಕಾಣುತ್ತಿತ್ತು. ಅವನು ಉಸಿರು ಬಿಗಿಹಿಡಿದು ರೈಫಲ್ಲಿನ ಕುದುರೆ ಎಳೆದ.

ಚಿರತೆ ಉರುಳಿ ಕಣಿವೆಗೆ ಬಿತ್ತು. ಬಿರುಕಿನಿಂದ ಮಾತ್ರ ಯಾರೂ ಹೊರಬರಲಿಲ್ಲ. ಕೇದಾರಿ ರೈಫಲ್ಲಿನಿಂದ ಕೆನ್ನೆ ಎತ್ತಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಬೇಸಿಗೆಯ ಬತ್ತಿದ ಕಣಿವೆಯನ್ನು ದಾಟಿ ಕೆಂಪವ್ವನ ಕೂಗು ಬಂತು: "ಯಾರ್ರೀ ಹೊಡದವ್ರು?"

'ನಾನ' ಎನ್ನಲು ಕೇದಾರಿ ಬಾಯಿ ತೆರೆದ. ಕೂಗುವ ಬದಲು ರೈಫಲ್ಲು ಕೆಳಗಿಟ್ಟು ಅವಳತ್ತ ಕಣಿವೆಗೆ ಓಡಿ ಇಳಿದ.